ಐಟಿಐ ಮುಗೀತು, ಇನ್ನೊಂದು ವರ್ಷ ಅಪ್ರೆಂಟಿಸ್‌ಶಿಪ್ ಬೇಕಾ?

ಪ್ರಶ್ನೆ: ನನ್ನ ಮಗ ಐಟಿಐ ಎಲೆಕ್ಟ್ರಿಷಿಯನ್ ಪಾಸಾಗಿದ್ದಾನೆ. ಪರಿಚಯದ ಕಂಟ್ರಾಕ್ಟರ್ ಒಬ್ಬರು ಮನೆ ವೈರಿಂಗ್ ಕೆಲಸಕ್ಕೆ ಕರೆಯುತ್ತಿದ್ದಾರೆ, ಕೂಲಿ ಚೆನ್ನಾಗಿದೆ. ಅವನ ಮೇಷ್ಟ್ರು ಮಾತ್ರ ಒಂದು ವರ್ಷ ಅಪ್ರೆಂಟಿಸ್ ಆಗಲಿ ಅಂತಾರೆ. ಸ್ಟೈಪೆಂಡ್ ಕಡಿಮೆ. ಆ ವರ್ಷ ದಂಡ ಅಲ್ವಾ?
– ಒಬ್ಬ ತಾಯಿ, ಹಾಸನ

ಉತ್ತರ: ದಂಡ ಅಲ್ಲ ತಾಯಿ. ಮೇಷ್ಟ್ರ ಮಾತು ಕೇಳಿ.

ಮನೆ ವೈರಿಂಗ್‌ನಲ್ಲಿ ಹುಡುಗನಿಗೆ ಸಿಗುವುದು ಗೋಡೆ ಕೊರೆಯುವುದು, ಪೈಪಿನಲ್ಲಿ ವೈರ್ ಎಳೆಯುವುದು, 230 ವೋಲ್ಟಿನ ಸ್ವಿಚ್ ಬೋರ್ಡು. ಅಪ್ರೆಂಟಿಸ್ ಆಗಿ ಕಾರ್ಖಾನೆಗೆ ಹೋದರೆ 415 ವೋಲ್ಟಿನ ತ್ರೀ ಫೇಸ್ ಮೋಟಾರು, ಸ್ಟಾರ್ಟರ್, ಪ್ಯಾನೆಲ್ ಬೋರ್ಡ್ ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ. ಪಕ್ಕದಲ್ಲಿ ತಿದ್ದುವ ಹಿರಿಯರೂ ಇರುತ್ತಾರೆ.

ಅದು ಎಷ್ಟು ಮುಖ್ಯ ಅಂತ ಹೇಳುತ್ತೇನೆ. ನನ್ನ ಕೈಕೆಳಗೆ ಬಂದ ಹುಡುಗನೊಬ್ಬ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ವೈರಿಗೆ ಟೆಸ್ಟರ್ ಇಟ್ಟ. ದೀಪ ಹತ್ತಲಿಲ್ಲ. ಕೈ ಹಾಕಲು ಹೊರಟವನ ರಟ್ಟೆ ಹಿಡಿದು ಎಳೆದೆ. ಅವನು ಇಳಿಸಿದ್ದು ಬೇರೆ ಎಂಸಿಬಿ, ಟೆಸ್ಟರ್ ಕೆಟ್ಟಿತ್ತು. ಮೊದಲು ಕರೆಂಟ್ ಇರುವ ಕಡೆ ಟೆಸ್ಟರ್ ಇಟ್ಟು ನೋಡಬೇಕು, ಆಮೇಲೆ ಕೆಲಸದ ವೈರು, ಮತ್ತೆ ಕರೆಂಟ್ ಇರುವ ಕಡೆ. ಪುಸ್ತಕದಲ್ಲಿ ಓದಿದ್ದ, ಕೈಗೆ ಬಂದಿರಲಿಲ್ಲ.

ಆದರೆ ಸುಮ್ನೆ ‘ಅಪ್ರೆಂಟಿಸ್’ ಅಂದುಕೊಂಡು ಎಲ್ಲೋ ಸೇರಿಸಬೇಡಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಒಪ್ಪಂದ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಅದಿಲ್ಲದಿದ್ದರೆ ಅವನು ಕಡಿಮೆ ಕೂಲಿಯ ಆಳು, ಅಷ್ಟೇ. ನೋಂದಣಿ ಇದ್ದರೆ ಕೊನೆಗೆ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಪಡೆಯಬಹುದು.

ತರಬೇತಿ ಕೊಟ್ಟವರೇ ಕೆಲಸ ಕೊಡಬೇಕು ಅಂತ ಕಾಯ್ದೆಯಲ್ಲಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಆದರೆ ರೈಲ್ವೆಯಲ್ಲಿ ತರಬೇತಿ ಮುಗಿಸಿದವರಿಗೆ ಅಲ್ಲಿನ ಲೆವೆಲ್ 1, ಅಂದರೆ ಎಲ್ಲಕ್ಕಿಂತ ಕೆಳಗಿನ ಹಂತದ ನೇಮಕಾತಿಯಲ್ಲಿ ಶೇ 20 ಮೀಸಲಿದೆ. ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪ್‌ಗಳ ಪ್ರಕಟಣೆ ಬಂದಾಗ ಬಿಡದೆ ಅರ್ಜಿ ಹಾಕಿಸಿ. ಮುಂದೆ ಸ್ವಂತ ಕಂಟ್ರಾಕ್ಟ್ ಮಾಡುವ ಮನಸ್ಸಿದ್ದರೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು, ಅದು ಬೇರೆ ದಾರಿ.

ದುಡ್ಡಿನ ತಾಪತ್ರಯ ಜಾಸ್ತಿ ಇದ್ದರೆ ಬೆಂಗಳೂರಿಗೆ ಕಳಿಸಬೇಡಿ. ರೂಮ್ ಬಾಡಿಗೆಗೇ ಸ್ಟೈಪೆಂಡ್ ಹೋಗುತ್ತದೆ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ ಬರುವಷ್ಟು ಹತ್ತಿರದ ಕಾರ್ಖಾನೆಯನ್ನೇ ಮೊದಲು ವಿಚಾರಿಸಿ.