ಆಸ್ಪತ್ರೆಯ ಸಾಫ್ಟ್‌ವೇರ್ ಬಳಸಲು ಸುಲಭವಾಗಿರಬೇಕು ಅನ್ನುವುದು ಯಾಕಷ್ಟು ಮುಖ್ಯ?

ಕೆಲಸ ನಿಧಾನವಾಗುವುದು ಸಣ್ಣ ತೊಂದರೆ. ದೊಡ್ಡದು, ಡೋಸ್ ತಪ್ಪುವುದು.

10 ಕೆಜಿ ತೂಕದ ಮಗುವಿಗೆ ಜ್ವರ ಅಂದುಕೊಳ್ಳಿ. ಪ್ಯಾರಾಸಿಟಮಾಲ್ ಕೆಜಿಗೆ 15 ಮಿಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 150 ಮಿಗ್ರಾಂ. 5 ಮಿಲಿಯಲ್ಲಿ 125 ಮಿಗ್ರಾಂ ಇರುವ ಸಿರಪ್ ಆದರೆ 6 ಮಿಲಿ, 250 ಇರುವುದಾದರೆ 3 ಮಿಲಿ. ಪಟ್ಟಿಯಲ್ಲಿ ಇವೆರಡೂ ಒಂದರ ಕೆಳಗೊಂದು ಇರುತ್ತವೆ. ಮೌಸ್ ಒಂದು ಸಾಲು ಜಾರಿ, ಮಿಲಿ ಖಾನೆಯಲ್ಲಿ 6 ಹಾಗೇ ಉಳಿದರೆ ಮಗುವಿಗೆ ಹೋಗುವುದು 300 ಮಿಗ್ರಾಂ! ಸಿರಪ್ ಬದಲಾಯಿಸಿದ ಕೂಡಲೇ ಮಿಲಿ ಖಾನೆ ಖಾಲಿಯಾಗಬೇಕು, ಪಕ್ಕದಲ್ಲೇ ಮಿಗ್ರಾಂ ಕಾಣಬೇಕು. ಹಾಗಂತ ಎಲ್ಲದಕ್ಕೂ ಎಚ್ಚರಿಕೆ ಪೆಟ್ಟಿಗೆ ತೆರೆದರೆ ಯಾರೂ ಓದುವುದಿಲ್ಲ, 'ಓಕೆ' ಒತ್ತುತ್ತಾರೆ, ಅಷ್ಟೆ.

ನೋಂದಣಿಯದು ಇನ್ನೊಂದು ಕಥೆ. ವಯಸ್ಸಾದ ಅನೇಕರಿಗೆ ಹುಟ್ಟಿದ ತಾರೀಕು ಗೊತ್ತಿರುವುದಿಲ್ಲ. ಆ ಖಾನೆ ಕಡ್ಡಾಯವಾದರೆ ಕೌಂಟರ್‌ನವರು 01-01 ಅಂತ ಹಾಕಿ ಮುಂದೆ ಹೋಗುತ್ತಾರೆ. ಹಾಸನದ ಒಪಿಡಿ ಸಾಲಿನಲ್ಲಿ ಇಬ್ಬರು ಮಂಜೇಗೌಡರು ಸಿಗುವುದೇನು ಕಷ್ಟವಲ್ಲ. ಇಬ್ಬರಿಗೂ 01-01 ಆದರೆ ಒಬ್ಬರ ಶುಗರ್ ರಿಪೋರ್ಟ್ ಇನ್ನೊಬ್ಬರ ದಾಖಲೆಗೆ ಸೇರುತ್ತದೆ. ಅಂದಾಜು ವಯಸ್ಸು ಹಾಕಲು ಬಿಡಿ, ಹುಡುಕಿದಾಗ ತಂದೆಯ ಹೆಸರು, ಊರು, ಫೋಟೊ ಕಾಣಿಸಲಿ. ಆಭಾ ಸಂಖ್ಯೆ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ) 14 ಅಂಕಿಯದು, ಟೈಪ್ ಮಾಡಿಸುವ ಬದಲು ಕ್ಯೂಆರ್ ಸ್ಕ್ಯಾನ್ ಮಾಡಿಸಿ.

ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಅರ್ಧ ತುಂಬಿದ ಫಾರಂ ಆ ಕಂಪ್ಯೂಟರಿನಲ್ಲೇ ಉಳಿಯದಿದ್ದರೆ ಸಿಬ್ಬಂದಿ ಮತ್ತೆ ಪುಸ್ತಕದಲ್ಲೇ ಬರೆಯತೊಡಗುತ್ತಾರೆ.