ನ್ಯೂಕ್ಲಿಯಸ್ ಒಳಗೆ ಮೈಕ್ರೋಆರ್‌ಎನ್‌ಎಗೆ ಏನು ಕೆಲಸ?

ಮೈಕ್ರೋಆರ್‌ಎನ್‌ಎ (ಸಾಮಾನ್ಯವಾಗಿ ಜೀನುಗಳ ಬಾಯಿ ಮುಚ್ಚಿಸುವ ಪುಟ್ಟ ಆರ್‌ಎನ್‌ಎ) ಕೆಲಸವೆಲ್ಲ ನ್ಯೂಕ್ಲಿಯಸ್ ಹೊರಗಿನ ಸೈಟೋಪ್ಲಾಸಂನಲ್ಲಿ ತಾನೇ, ನ್ಯೂಕ್ಲಿಯಸ್ ಸ್ಯಾಂಪಲ್‌ನಲ್ಲಿ ಸಿಕ್ಕಿದ್ದು ಬರೀ ಕಚ್ಚಾ ರೂಪವೇ ಅಂತ ಕೇಳಿದ್ದೀರಿ. ಕಚ್ಚಾ ರೂಪವೂ ಅಲ್ಲಿರುತ್ತೆ, ಡ್ರೋಶಾ ಎಂಬ ಕಿಣ್ವ ಅದನ್ನು ಕತ್ತರಿಸೋದೇ ಒಳಗೆ. ಆದರೆ ಸುಮಾರು 22 ಅಕ್ಷರದ ಪಕ್ವ ರೂಪ ಸಿಕ್ಕಿದ್ದರೆ, ಅದು ಸಾಮಾನ್ಯವಾಗಿ ಹೊರಗೆ ಹೋಗಿ, ಡೈಸರ್ ಎಂಬ ಇನ್ನೊಂದು ಕಿಣ್ವದ ಕೈಯಲ್ಲಿ ಕತ್ತರಿಸಿಕೊಂಡು, ವಾಪಸ್ ಬಂದದ್ದು.

ಮಿಆರ್-29ಬಿ ಎಂಬ ಮೈಕ್ರೋಆರ್‌ಎನ್‌ಎ ನೋಡಿ. ಅದರ ಬಾಲದಲ್ಲಿ ಎ-ಜಿ-ಯು-ಜಿ-ಯು-ಯು ಅನ್ನೋ ಆರು ಅಕ್ಷರಗಳಿವೆ. 2007ರಲ್ಲಿ ಆ ತುಣುಕನ್ನು ಬೇರೊಂದು ಸಣ್ಣ ಆರ್‌ಎನ್‌ಎಗೆ ಜೋಡಿಸಿದಾಗ ಅದೂ ನ್ಯೂಕ್ಲಿಯಸ್ ಸೇರಿತು! ಒಡಹುಟ್ಟಿದಂತಿರುವ 29ಎ ಮಾತ್ರ ಬಹುಪಾಲು ಹೊರಗೇ ಉಳಿಯುತ್ತೆ.

ಒಳಗೆ ಮಾಡೋದೇನು? ಮಿಆರ್-9 ತನ್ನನ್ನು ಹಿಡಿದುಕೊಳ್ಳುವ ಆರ್ಗೊನಾಟ್-2 ಪ್ರೋಟೀನ್ ಜೊತೆ ಸೇರಿ ಮಲಾಟ್1 ಎಂಬ ಉದ್ದನೆಯ ಆರ್‌ಎನ್‌ಎ ಮಟ್ಟವನ್ನು ಅಲ್ಲೇ ತಗ್ಗಿಸುತ್ತೆ. ನನಗೆ ಹೆಚ್ಚು ಸೋಜಿಗ ಮಿಆರ್-373ದು. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಇ-ಕ್ಯಾಡ್‌ಹೆರಿನ್ ಜೀನಿನ ಪ್ರೊಮೋಟರ್‌ನಲ್ಲಿ (ಜೀನನ್ನು ಚಾಲೂ ಮಾಡುವ ಭಾಗ) ಅದಕ್ಕೆ ಹೊಂದುವ ಜಾಗವಿದೆ. ಅಲ್ಲಿ ಅದು ಜೀನಿನ ಬಾಯಿ ಮುಚ್ಚಿಸಲ್ಲ, ಎಬ್ಬಿಸುತ್ತೆ (2008).

ಒಂದು ಮಾತು: ಸ್ಯಾಂಪಲ್ ನಂಬೋ ಮುಂಚೆ ಟ್ಯೂಬುಲಿನ್ (ಸೈಟೋಪ್ಲಾಸಂ ಬೆರೆತಿದ್ದರೆ ತೋರಿಸುವ ಪ್ರೋಟೀನ್) ಜೊತೆ ಕಾಲ್ನೆಕ್ಸಿನ್‌ಗೂ (ಇಆರ್ ಪೊರೆಯ ಪ್ರೋಟೀನ್) ಬ್ಲಾಟ್, ಅಂದರೆ ಪ್ರೋಟೀನ್ ಪತ್ತೆ ಪರೀಕ್ಷೆ, ಹಾಕಿ. ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ) ಪೊರೆ ನ್ಯೂಕ್ಲಿಯಸ್‌ಗೆ ಅಂಟಿಕೊಂಡೇ ಬರುತ್ತೆ, ಅದರ ಮೇಲೆ ಆರ್ಗೊನಾಟ್ ಕೂತಿರುತ್ತೆ.