ಇಳಿಯದೆ ಮೇಲೆದ್ದ ಪೈಲಟ್ ದಡ್ಡನೇ?

ಹಿರಿಯರೆ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ಗದಗದ ಈ ಓದುಗರು ಶ್ರಾವಣದ ಒಂದು ಸಂಜೆ ಬೆಂಗಳೂರಿನ ಮಗಳ ಮನೆಯಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಬಂದರು. ಹೊರಗೆ ಜಡಿಮಳೆ. ರನ್‌ವೇ ದೀಪಗಳು ಕಿಟಕಿಯಲ್ಲಿ ಕಂಡವು. “ಇನ್ನೇನ್ ನೆಲಾ ಮುಟ್ಟತು ಅನ್ನೂದ್ರಾಗ ಗರ್ ಅಂತ ಸಪ್ಪಳ ಮಾಡಿ ಮತ್ತ ಮ್ಯಾಲೆ ಎದ್ದತು. ಕೂಸುಗಳು ಅಳಾಕ ಹತ್ತಿದುವು. ಹಿಂದಿನ ಸೀಟಿನವ್ರು ಗಗನಸಖಿಗೆ ಬಾಯಿಗೆ ಬಂದಂಗ ಬೈದ್ರು.” ಒಂದು ಸುತ್ತು ಹಾಕಿ ಎರಡನೇ ಸಲ ವಿಮಾನ ಇಳಿಯಿತು. ಈಗ ಅವರು ಕೇಳುತ್ತಿರುವುದು: ಪೈಲಟ್ ಕಲಿಯುವ ಹುಡುಗನಿದ್ದನೇ? ನಮ್ಮ ಹುಬ್ಬಳ್ಳಿ ರನ್‌ವೇ ಗಿಡ್ಡವೇ? ಇಂಥಲ್ಲಿ ಅಪಘಾತ ತಪ್ಪಿಸಲು ಯಾರು ಏನು ಮಾಡಬೇಕು? ಕಂಪನಿಗೆ ದೂರು ಬರೆಯಲೇ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬರೆಯಬೇಡಿ. ಬರೆಯಲೇಬೇಕೆಂದರೆ ಪೈಲಟ್‌ಗೆ ಒಂದು ಧನ್ಯವಾದ ಬರೆಯಿರಿ. ನೀವು ಕಂಡದ್ದಕ್ಕೆ ವಿಮಾನದವರ ಭಾಷೆಯಲ್ಲಿ ಗೋ-ಅರೌಂಡ್ ಎನ್ನುತ್ತಾರೆ. ಮಳೆಯ ತೆರೆ ಅಡ್ಡ ಬಂದು ರನ್‌ವೇ ಮರೆಯಾದರೆ, ಗಾಳಿ ತಟ್ಟನೆ ದಿಕ್ಕು ಬದಲಿಸಿದರೆ, ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟು ಸರಿದಿರದಿದ್ದರೆ, ಕೊನೆಗೆ ಒಂದು ನಾಯಿ ಅಡ್ಡ ಓಡಿದರೂ ಸರಿ, ಪೈಲಟ್ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮೇಲೇಳಬೇಕು. ಅದು ಎಡವಟ್ಟಲ್ಲ. ಪ್ರತಿ ಸಲ ಇಳಿಯುವಾಗಲೂ ಮನಸ್ಸಿನಲ್ಲಿ ಸಿದ್ಧವಾಗಿಟ್ಟುಕೊಂಡಿರಬೇಕಾದ ಕ್ರಮ.

ಲೆಕ್ಕ ನೋಡಿ. ಜೆಟ್ ವಿಮಾನ ಇಳಿಯುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಅಂದರೆ ಸೆಕೆಂಡಿಗೆ 70 ಮೀಟರ್. ಚಕ್ರ ಮುಟ್ಟಬೇಕಾದ ಜಾಗ ಬಿಟ್ಟು ಹತ್ತು ಸೆಕೆಂಡು ತೇಲಿದರೆ 700 ಮೀಟರ್ ರನ್‌ವೇ ಹಿಂದೆ ಬಿತ್ತು. ಅದನ್ನು ಯಾವ ಬ್ರೇಕೂ ತಿರುಗಿ ಕೊಡುವುದಿಲ್ಲ. ಅದಕ್ಕೇ ಮೋಡದಲ್ಲಿ ಬರುವ ವಿಮಾನ ನೆಲದಿಂದ ಸಾವಿರ ಅಡಿ ಎತ್ತರದಲ್ಲಿರುವಾಗಲೇ ವೇಗ, ಇಳಿಯುವ ಹಾದಿ, ಚಕ್ರ, ರೆಕ್ಕೆಯ ಫ್ಲಾಪು ಎಲ್ಲವೂ ಸರಿಕೂಡಿರಬೇಕೆಂಬ ನಿಯಮವಿದೆ. ರನ್‌ವೇ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪಗಳಿರುತ್ತವೆ, ಪಾಪಿ (PAPI) ಎಂದು ಕರೆಯುತ್ತಾರೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಹಾದಿ ಸರಿ. ನಾಲ್ಕೂ ಬಿಳಿಯಾದರೆ ತೀರ ಎತ್ತರದಲ್ಲಿದ್ದೀರಿ, ನಾಲ್ಕೂ ಕೆಂಪಾದರೆ ತೀರ ತಗ್ಗಿನಲ್ಲಿದ್ದೀರಿ. ಇವುಗಳಲ್ಲಿ ಒಂದು ಹದ ತಪ್ಪಿದರೂ ಇಳಿಯುವುದನ್ನು ಅಲ್ಲಿಗೇ ಬಿಡಬೇಕು.

ಬಿಡದೆ ಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಜನ. ಪತ್ರಿಕೆಗಳೆಲ್ಲ ಆಗ ಗುಡ್ಡದ ಮೇಲಿನ ರನ್‌ವೇಯನ್ನೇ ಬೈದವು. ತನಿಖಾ ವರದಿ ಹೇಳಿದ್ದು ಬೇರೆ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಅದನ್ನು ಸರಿಮಾಡಲು ಅವಸರದಲ್ಲಿ ಕೆಳಗಿಳಿಸಿದರು. ಸುಮಾರು 2,450 ಮೀಟರ್ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಕಂಡದ್ದು ಹತ್ತಿರಹತ್ತಿರ 1,600 ಮೀಟರ್ ಕಳೆದ ಮೇಲೆ. ಪಕ್ಕದಲ್ಲಿ ಕುಳಿತಿದ್ದ ಕೋ-ಪೈಲಟ್ ಒಂದಲ್ಲ, ಹಲವು ಬಾರಿ ಗೋ-ಅರೌಂಡ್ ಎಂದು ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ನೆಲ ಮುಟ್ಟಿ, ವೇಗ ತಗ್ಗಿಸಲು ಎಂಜಿನ್‌ನ ಒತ್ತಡವನ್ನು ಮುಂದಕ್ಕೆ ತಿರುಗಿಸಿದ ಮೇಲೆ ಮತ್ತೆ ಮೇಲೇಳಲು ನೋಡಿದರು. ಆಗ ಹೊತ್ತು ಮೀರಿತ್ತು.

ಇದರಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಆ ಕೋ-ಪೈಲಟ್‌ನ ಸಂಗತಿ. ಆತನಿಗೆ ತಪ್ಪು ಗೊತ್ತಾಗಿತ್ತು, ಬಾಯಿ ಬಿಟ್ಟು ಹೇಳಿಯೂ ಇದ್ದ. ಆದರೆ ತಾನೇ ಕೈಹಾಕಿ ವಿಮಾನವನ್ನು ಮೇಲೆತ್ತಲಿಲ್ಲ. ಕೋ-ಪೈಲಟ್ ಯಾವಾಗ ಹಿಡಿತ ತನ್ನ ಕೈಗೆ ತೆಗೆದುಕೊಳ್ಳಬಹುದು ಎಂಬ ಬಗ್ಗೆ ಸೂಚನೆಗಳು ಸ್ಪಷ್ಟವಾಗಿರಲಿಲ್ಲ ಎಂದು ವರದಿಯೇ ಹೇಳಿತು. ಹಿರಿಯರ ಮುಂದೆ ಕೈ ಕಟ್ಟಿ ನಿಲ್ಲುವುದನ್ನು ಮನೆಯಲ್ಲೂ ಶಾಲೆಯಲ್ಲೂ ಕಲಿಸಿದ ನಾಡು ನಮ್ಮದು. ನೀವು, ನಾನು ಇಬ್ಬರೂ ಹಾಗೇ ಬೆಳೆದವರು. ಕಾಕ್‌ಪಿಟ್‌ನಲ್ಲಿ ಈ ಮರ್ಯಾದೆ ಜೀವಕ್ಕೆ ಎರವು.

ಹತ್ತು ವರ್ಷ ಕಳೆದ ಮೇಲಾದರೂ ಪಾಠ ಕಲಿತೆವೇ? 2020ರ ಆಗಸ್ಟ್ 7ರ ರಾತ್ರಿ ಕೋಝಿಕ್ಕೋಡ್‌ನಲ್ಲಿ ಅದೇ ಕಂಪನಿಯ, ಅದೇ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕೆಳಗೆ ಬಿದ್ದು ಮೂರು ಹೋಳಾಯಿತು. ಇಬ್ಬರೂ ಪೈಲಟ್‌ಗಳು ಸೇರಿ 21 ಜನ ಸತ್ತರು. ಇದರಲ್ಲಿ ನೀವು ಗಮನಿಸಬೇಕಾದ್ದು ಒಂದಿದೆ: ಆ ವಿಮಾನ ಮೊದಲ ಸಲ ಇಳಿಯಲು ಬಂದು, ಆಗದೆ, ನಿಮ್ಮ ವಿಮಾನದ ಹಾಗೆಯೇ ಮೇಲೆದ್ದಿತ್ತು. ಎರಡನೇ ಸಲ ಇನ್ನೊಂದು ತುದಿಯಿಂದ ಬಂತು, ಗಾಳಿ ಬೆನ್ನಿಗಿತ್ತು, ಕ್ಯಾಪ್ಟನ್ ಮುಂದಿನ ಗಾಜಿನ ವೈಪರ್ ಕೈಕೊಟ್ಟಿತ್ತು, ಮಳೆ ಸುರಿಯುತ್ತಿತ್ತು. ಚಕ್ರ ಮುಟ್ಟುವ ಹೊತ್ತಿಗೆ ಅರ್ಧ ರನ್‌ವೇ ಮುಗಿದಿತ್ತು. ಈ ಸಲವೂ ಪಕ್ಕದವರು ಗೋ-ಅರೌಂಡ್ ಎಂದರು, ಈ ಸಲವೂ ವಿಮಾನ ಮೇಲೇಳಲಿಲ್ಲ, ಈ ಸಲವೂ ಪಕ್ಕದವರು ಹಿಡಿತ ತೆಗೆದುಕೊಳ್ಳಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ಊರಿನಿಂದ ಇನ್ನೊಂದು ವಿಮಾನ ಒಯ್ಯುವ ಹೊಣೆ ಆ ಕ್ಯಾಪ್ಟನ್ ಮೇಲಿತ್ತು. ಬೇರೆ ಊರಿಗೆ ತಿರುಗಿಸಿದ್ದರೆ ಅದು ತಪ್ಪುತ್ತಿತ್ತು. ಮೊದಲ ಗೋ-ಅರೌಂಡ್ ಸುಲಭ. ಎರಡನೆಯದಕ್ಕೆ, ಆಮೇಲೆ “ಗೋವಾಕ್ಕೆ ಹೋಗುತ್ತೇವೆ” ಎಂದು ಮೈಕಿನಲ್ಲಿ ಹೇಳುವುದಕ್ಕೆ ಗುಂಡಿಗೆ ಬೇಕು.

ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಅಭ್ಯಾಸ ಮಾಡಿತ್ತು. ಹದ ತಪ್ಪಿ ಇಳಿಯಲು ಬಂದ ನೂರು ವಿಮಾನಗಳಲ್ಲಿ ಮೇಲೇಳುವುದು ಸುಮಾರು ಮೂರೇ ಎಂದು ಅದು ಕಂಡಿತು. ಉಳಿದ 97 ಹೇಗೋ ಇಳಿದುಬಿಡುತ್ತವೆ, ಬಹುತೇಕ ಸುಸೂತ್ರವಾಗಿಯೇ. ಅಪಾಯ ಇರುವುದೇ ಅಲ್ಲಿ. ಪ್ರತಿ ಸಲ ದಕ್ಕಿದ್ದರಿಂದ ಮುಂದಿನ ಸಲವೂ ದಕ್ಕುತ್ತದೆ ಎಂಬ ಧೈರ್ಯ ಬರುತ್ತದೆ. ಇದಕ್ಕೆ ಹಿಂದಿನ ಸೀಟಿನಿಂದ ಬೈಗುಳ, ಟ್ಯಾಕ್ಸಿ ಕಾಯುತ್ತಿದೆ ಎಂಬ ಗೊಣಗಾಟ, ಕಂಪನಿಯ ಇಂಧನದ ಲೆಕ್ಕ ಎಲ್ಲ ಸೇರಿಕೊಂಡರೆ ಪೈಲಟ್‌ನ ಕೈ ಯಾವ ಕಡೆಗೆ ವಾಲುತ್ತದೆ ಹೇಳಿ. ನಿಮ್ಮ ಹಿಂದೆ ಕುಳಿತಿದ್ದ ಆ ಮಹಾಶಯರ ಮೇಲೆ ನನಗಿರುವ ಸಿಟ್ಟು ಪೈಲಟ್ ಮೇಲೆ ಎಳ್ಳಷ್ಟೂ ಇಲ್ಲ.

ಇನ್ನು ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯ ರನ್‌ವೇ. ಮೊದಲು ಸುಮಾರು 1,670 ಮೀಟರ್ ಇತ್ತು, ಸಣ್ಣ ವಿಮಾನಗಳಷ್ಟೇ ಬರುತ್ತಿದ್ದವು. 2017ರ ಡಿಸೆಂಬರ್‌ನಿಂದ 2,600 ಮೀಟರ್ ರನ್‌ವೇ ಬಳಕೆಗೆ ಬಂತು. ಮಂಗಳೂರಿನದಕ್ಕಿಂತ ಉದ್ದ. ಕೋಝಿಕ್ಕೋಡ್‌ನದು 2,700, ಹುಬ್ಬಳ್ಳಿಗಿಂತ ನೂರು ಮೀಟರ್ ಹೆಚ್ಚು. ಆದ್ದರಿಂದ ಗಿಡ್ಡ, ಉದ್ದ ಎಂಬ ಮಾತಿನಿಂದ ಲೆಕ್ಕ ಬಗೆಹರಿಯುವುದಿಲ್ಲ. ಎಲ್ಲಿ ಚಕ್ರ ಮುಟ್ಟಿತು, ನೆಲ ಎಷ್ಟು ಒದ್ದೆ ಎನ್ನುವುದೇ ಮುಖ್ಯ. 3 ಮಿಲಿಮೀಟರ್‌ಗಿಂತ ಹೆಚ್ಚು ನೀರು ನಿಂತರೆ ಟೈರು ನೀರಿನ ಮೇಲೇ ಜಾರಲು ಶುರುಮಾಡಬಹುದು. ಆಗ ಬ್ರೇಕ್ ಒತ್ತಿದರೂ ಹಿಡಿಯುವುದಕ್ಕೆ ನೆಲವೇ ಇರುವುದಿಲ್ಲ. ಸಾವಿರಾರು ಸಲ ಟೈರು ಉಜ್ಜಿ ಅಂಟಿದ ರಬ್ಬರ್ ಪದರವೂ ಒದ್ದೆಯಾದಾಗ ಸೋಪಿನಂತಾಗುತ್ತದೆ. ಅದನ್ನು ಆಗಾಗ ಕೆರೆದು ತೆಗೆಯಬೇಕು, ಹಿಡಿತ ಅಳೆಯಬೇಕು.

ಹುಬ್ಬಳ್ಳಿಯೂ ಇದರಿಂದ ಹೊರತಲ್ಲ. 2015ರ ಮಾರ್ಚ್ 8ರ ಸಂಜೆ, ಹಳೆಯ ರನ್‌ವೇ ಇದ್ದಾಗ, ಬೆಂಗಳೂರಿನಿಂದ ಬಂದ ಬೊಂಬಾರ್ಡಿಯರ್ ವಿಮಾನ ಮಳೆಯಲ್ಲಿ ಇಳಿದು ಎಡಕ್ಕೆ ಸರಿದು ಅಂಚಿನಾಚೆ ಹೋಯಿತು. ಎಡಗಡೆಯ ಚಕ್ರದ ಕಾಲು ಮುರಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಇಳಿದ ಮೇಲೆ ಮಳೆಯಲ್ಲಿ ಕಣ್ಣಿಗೆ ಆಸರೆಯಾಗುವ ಗುರುತುಗಳು ಪೈಲಟ್‌ಗಳಿಗೆ ಕಾಣದೆ ಹೋದವು ಎಂದು ತನಿಖೆ ಹೇಳಿತು. ರನ್‌ವೇಯ ಬದಿಗಳನ್ನು ಸಮಮಾಡಿ ಗಟ್ಟಿಯಾಗಿ ಇಡುವುದು ಇಂಥ ಹೊತ್ತಿಗಾಗಿಯೇ. ನಮ್ಮ ಎರಿ ನೆಲದ ಗುಣ ನಿಮಗೆ ಹೇಳಬೇಕೇ? ಮುಂಗಾರಿನಲ್ಲಿ ಚಕ್ಕಡಿ ಹೂತು ನಿಂತಂತೆ ವಿಮಾನದ ಚಕ್ರವೂ ಹೂತರೆ ಕಾಲು ಮುರಿಯುವುದು ನಿಶ್ಚಿತ.

ರನ್‌ವೇ ಮುಗಿದ ಮೇಲೂ ಖಾಲಿ ನೆಲ ಬೇಕು. ಅಂತರರಾಷ್ಟ್ರೀಯ ನಿಯಮದಂತೆ ಕನಿಷ್ಠ 90 ಮೀಟರ್, 240 ಮೀಟರ್ ಇದ್ದರೆ ಉತ್ತಮ. ಆ ಹಾದಿಯಲ್ಲಿ ಏನಾದರೂ ನಿಲ್ಲಿಸಲೇಬೇಕಾದರೆ ಅದು ತಾಗಿದೊಡನೆ ಮುರಿಯುವಂತಿರಬೇಕು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಹೊಟ್ಟೆಯ ಮೇಲೆ ಜಾರುತ್ತ ಬಂದ ವಿಮಾನ ರನ್‌ವೇ ಆಚೆ ಆಂಟೆನಾ ಕೂರಿಸಲು ಕಟ್ಟಿದ್ದ ಕಾಂಕ್ರೀಟ್ ದಿಬ್ಬಕ್ಕೆ ಬಡಿಯಿತು. 179 ಜನ ಹೋದರು, ಬದುಕಿದವರು ಇಬ್ಬರು. ವಿಮಾನ ನಿಲ್ದಾಣಕ್ಕೆ ಇಷ್ಟೊಂದು ಜಮೀನು ಏಕೆ, ಖಾಲಿ ಬಿಟ್ಟಿದ್ದಾರಲ್ಲ ಎಂದು ನಮ್ಮ ಕಡೆ ಕಟ್ಟೆಯ ಮೇಲೆ ಮಾತಾಡುವವರಿಗೆ ಇದನ್ನು ಓದಿ ಹೇಳಿ.

ಎರಡು ವಿಮಾನ ಒಂದೇ ರನ್‌ವೇ ಮೇಲೆ ಎದುರಾಗುವ ಅಪಘಾತ ಹುಬ್ಬಳ್ಳಿಯಂಥ ಕಡಿಮೆ ಓಡಾಟದ ಕಡೆ ಅಪರೂಪ. ಆದರೂ ಅಪಘಾತ ತಪ್ಪಿಸುವ ಬಗ್ಗೆ ಕೇಳಿದ್ದೀರೆಂದು ಹೇಳುತ್ತೇನೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಡಚ್ ಕಂಪನಿಯ ಹೆಸರುವಾಸಿ ಕ್ಯಾಪ್ಟನ್ ಅಪ್ಪಣೆ ಸಿಗುವ ಮೊದಲೇ ವಿಮಾನ ಓಡಿಸಿದರು. ಎದುರಿನ ಅಮೆರಿಕದ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂದು ಹಿಂದೆ ಕುಳಿತ ಫ್ಲೈಟ್ ಎಂಜಿನಿಯರ್ ಅನುಮಾನಪಟ್ಟರು. ಕ್ಯಾಪ್ಟನ್ ಆ ಮಾತನ್ನು ತಳ್ಳಿಹಾಕಿದರು. 583 ಸಾವು. ಇಲ್ಲಿಯೂ ಕಿರಿಯರ ಮಾತೇ ನೋಡಿ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಭೂಕಂಪ ಪರಿಹಾರ ಒಯ್ಯಲಿದ್ದ ಕೋಸ್ಟ್ ಗಾರ್ಡ್ ವಿಮಾನ ತಪ್ಪು ತಿಳಿದು ರನ್‌ವೇಗೆ ಬಂದು ನಿಂತಿತು. ಇಳಿಯುತ್ತಿದ್ದ ದೊಡ್ಡ ವಿಮಾನ ಅದಕ್ಕೆ ಬಡಿಯಿತು. ಸಣ್ಣ ವಿಮಾನದಲ್ಲಿ ಐವರು ಸತ್ತರು. ದೊಡ್ಡದರಲ್ಲಿದ್ದ 379 ಜನರೂ ಬ್ಯಾಗುಗಳನ್ನು ಅಲ್ಲೇ ಬಿಟ್ಟು, ಉರಿಯುವ ವಿಮಾನದಿಂದ ಜೀವಂತ ಹೊರಬಂದರು. ಇಳಿದ ಕೂಡಲೇ, ಬೆಲ್ಟಿನ ದೀಪ ಆರುವ ಮೊದಲೇ ಎದ್ದು ಮೇಲಿನ ಬ್ಯಾಗಿಗೆ ಕೈಹಾಕುವ ನಮ್ಮ ಮಂದಿಯನ್ನು ನೆನೆದರೆ ನನಗೆ ಭಯವಾಗುತ್ತದೆ.

ನೀವು ನಿಜವಾಗಿ ಪತ್ರ ಬರೆಯಬೇಕಾದ ಕಡೆ ಬೇರೆ ಇದೆ. 1937ರ ವಿಮಾನ ನಿಯಮಗಳಲ್ಲಿ 91ನೆಯದು ಹೀಗೆನ್ನುತ್ತದೆ: ವಿಮಾನ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಕರೆಯುವ ಹಾಗೆ ಪ್ರಾಣಿ ಕಡಿಯುವುದು, ಕಸ ಸುರಿಯುವುದು ಮಾಡಬಾರದು. ಗೋಕುಲ ರಸ್ತೆಯಿಂದ 10 ಕಿಲೋಮೀಟರ್ ಅಂದರೆ ಹೆಚ್ಚುಕಡಿಮೆ ಇಡೀ ಹುಬ್ಬಳ್ಳಿ ಅದರೊಳಗೆ ಬಂತು. ಆದರೆ ರಾತ್ರಿ ಹೊತ್ತು ರಸ್ತೆ ಬದಿಗೆ ಬಂದು ಬೀಳುವ ಚಿಕನ್ ಅಂಗಡಿಯ ಮೂಟೆಗಳನ್ನು ನೋಡಿ, ಬೆಳಗಾದರೆ ಅದರ ಮೇಲೆ ಸುತ್ತುವ ಹದ್ದುಗಳನ್ನು ನೋಡಿ. ಒಂದು ಹದ್ದು ಎಂಜಿನ್ ಒಳಗೆ ಹೊಕ್ಕರೆ ಅದರ ತಿರುಗುವ ರೆಕ್ಕೆಗಳು ಮುರಿಯಬಹುದು; ಅದೂ ವಿಮಾನ ಮೇಲೇಳುವಾಗ, ಪೈಲಟ್‌ಗೆ ಯೋಚಿಸಲು ಕೆಲವೇ ಸೆಕೆಂಡು ಇರುವಾಗ. ನಿಲ್ದಾಣದ ಒಳಗೆ ಹುಲ್ಲು ಕತ್ತರಿಸಿ, ಪಟಾಕಿ ಹಾರಿಸಿ ಸಿಬ್ಬಂದಿ ಹಕ್ಕಿ ಓಡಿಸುತ್ತಾರೆ. ಗೋಡೆಯ ಆಚೆ ಊಟ ಹಾಕುತ್ತಿರುವವರು ನಾವು. ಬರೀ ಹಕ್ಕಿಯೇ ಅಲ್ಲ. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನವನ್ನು ಬೀಳಿಸಿ 113 ಜೀವ ತೆಗೆದದ್ದು ಹಿಂದಿನ ವಿಮಾನದಿಂದ ಉದುರಿ ರನ್‌ವೇ ಮೇಲೆ ಬಿದ್ದಿದ್ದ, ಮೊಳದುದ್ದದ ಒಂದು ಲೋಹದ ಪಟ್ಟಿ. ಅದಕ್ಕೇ ಜೀಪಿನವರು ದಿನಕ್ಕೆ ಹಲವು ಸಲ ರನ್‌ವೇ ಉದ್ದಕ್ಕೂ ಕಣ್ಣು ಹಾಯಿಸುತ್ತ ಹೋಗುತ್ತಾರೆ.

ನೀವು ಗದಗದವರಾದರೂ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ ಬರೆಯಲು ಅಡ್ಡಿಯಿಲ್ಲ; ಆ ರನ್‌ವೇ ಮೇಲೆ ಇಳಿಯುವವರು ಗದಗ, ಹಾವೇರಿಯವರೂ ಹೌದು. ಯಾವ ರಸ್ತೆ, ಯಾವ ಹೊತ್ತು, ಏನು ಬಿದ್ದಿತ್ತು ಎಂದು ಫೋಟೋ ಸಹಿತ ಬರೆಯಿರಿ, ಒಂದು ಪ್ರತಿ ವಿಮಾನ ನಿಲ್ದಾಣದ ನಿರ್ದೇಶಕರಿಗೂ ಇರಲಿ. ಇನ್ನೊಂದು ಪ್ರತಿ ನಮಗೆ ಕಳಿಸಿದರೆ ಪಾಲಿಕೆಯ ಉತ್ತರದೊಂದಿಗೆ ಈ ಅಂಕಣದಲ್ಲೇ ಹಾಕುತ್ತೇವೆ. ಉತ್ತರ ಬರದಿದ್ದರೆ ಬರಲಿಲ್ಲ ಎಂದೂ ಹಾಕುತ್ತೇವೆ.

– ಸಂ.